ಸಹಿ ಹಾಕುವ ಕೈಗೆ ರೇಟು ಮಾತಾಡುವ ಕೆಲಸ ಕೊಡಿ

ಪ್ರಶ್ನೆ: ನಾನು ಹಾವೇರಿ ಜಿಲ್ಲೆ ಶಿಗ್ಗಾವಿ ತಾಲೂಕಿನ ಒಂದು ರೈತ ಉತ್ಪಾದಕ ಕಂಪನಿಯಲ್ಲಿ (ರೈತರೇ ಷೇರುದಾರರಾಗಿರುವ ಕಂಪನಿ) ಸಿಇಒ. ಮೆಣಸಿನಕಾಯಿ, ಗೋವಿನಜೋಳ, ಶೇಂಗಾ ನಮ್ಮ ಮುಖ್ಯ ಮಾಲು. 10 ನಿರ್ದೇಶಕರಲ್ಲಿ ಮೂವರು ಹೆಣ್ಣುಮಕ್ಕಳು. ಆದರೆ ಸಭೆಗೆ ಬರುವುದು ಅವರ ಮನೆಯವರು. ಠರಾವು ಪುಸ್ತಕ ಮನೆಗೆ ಹೋಗಿ ಸಹಿ ಆಗಿ ಬರುತ್ತದೆ. ನಾಯಕತ್ವ ತರಬೇತಿಗೆ ಕಳಿಸಿದೆವು. ಸರ್ಟಿಫಿಕೇಟ್ ಬಂತು, ಬೇರೇನೂ ಬದಲಾಗಲಿಲ್ಲ. ಮುಂದಿನ ಅಧ್ಯಕ್ಷರು ಮಹಿಳೆಯೇ ಆಗಲಿ ಎಂಬ ಆಸೆ ನನಗಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಇನ್ನೊಂದು ತರಬೇತಿಗೆ ಕಳಿಸಬೇಡಿ, ಸದ್ಯಕ್ಕಂತೂ ಬೇಡ. ಮೊದಲು ಆ ಮೂವರ ಕೈಗೆ ದುಡ್ಡಿನ ಒಂದು ನಿರ್ಧಾರ ಕೊಡಿ. ಅರ್ಧಂಬರ್ಧ ಅಲ್ಲ, ಪೂರ್ತಿ ಕೊಡಿ. ನಿಮ್ಮ ಕಂಪನಿಯಲ್ಲಿ ಅದು ಮೆಣಸಿನಕಾಯಿ ಮಾರಾಟವೇ ಆಗಬೇಕು ಅಂತ ನನಗೆ ಅನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಕಡೆ ಮೆಣಸಿನಕಾಯಿ ಕೆಲಸ ಬಹುಪಾಲು ಹೆಣ್ಣುಮಕ್ಕಳದೇ. ಸಸಿ ಹಚ್ಚುವುದು, ಕಸ ತೆಗೆಯುವುದು, ಕಾಯಿ ಬಿಡಿಸುವುದು, ಕಣದಲ್ಲಿ ಹರವಿ ಒಣಗಿಸುವುದು, ಬಿಳಿಗಾಯಿ ಆರಿಸಿ ತೆಗೆಯುವುದು. ಚೀಲ ಹೊಲಿದು ಗಾಡಿಗೆ ಏರಿಸಿದ ಮೇಲೆ ಅವರ ಪಾಲು ಮುಗಿಯಿತು. ಅಲ್ಲಿಂದ ಮುಂದೆ ಬ್ಯಾಡಗಿ ಪೇಟೆ, ದಲಾಲಿ ಅಂಗಡಿ, ಟೆಂಡರ್, ಪಟ್ಟಿ (ಮಾರಾಟದ ಲೆಕ್ಕದ ಚೀಟಿ), ದುಡ್ಡು ಎಲ್ಲ ಗಂಡಸರದು. ದೇಶದ ಲೆಕ್ಕ ನೋಡಿದರೂ ಇದೇ ಕಥೆ. ಹಳ್ಳಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಮೂವರು ಕೃಷಿಯಲ್ಲೇ ಇದ್ದಾರೆ. 2015-16ರ ಕೃಷಿ ಗಣತಿಯಲ್ಲಿ ಮಹಿಳೆಯರ ಹೆಸರಿನಲ್ಲಿದ್ದ ಹಿಡುವಳಿಗಳು ಮಾತ್ರ ನೂರಕ್ಕೆ 14ರ ಆಸುಪಾಸು.

ಈಗ ನೀವೇ ಒಂದು ಕಣಕ್ಕೆ ಹೋಗಿ ಅರ್ಧ ಗಂಟೆ ಸುಮ್ನೆ ಕೂತು ನೋಡಿ. ಕಾಯಿ ಆರಿಸುವ ಹೆಣ್ಣುಮಗಳು ಒಂದು ಹಿಡಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸುತ್ತಾಳೆ. ಬೀಜ ಗಲಗಲ ಅಂದರೆ ಒಣಗಿದೆ, ಇಲ್ಲದಿದ್ದರೆ ಇನ್ನೊಂದು ಬಿಸಿಲು ಬೇಕು. ಸುಕ್ಕು ನೋಡಿ ಕಡ್ಡಿ ಯಾವುದು, ಡಬ್ಬಿ ಯಾವುದು ಅಂತ ಬ್ಯಾಡಗಿ ಕಾಯಿಯ ಎರಡು ಬಗೆಗಳನ್ನು ಬೇರೆ ಮಾಡುತ್ತಾಳೆ. ತೂಕ ಬರಲಿ ಅಂತ ನೀರು ಹೊಡೆದ ಕಾಯಿ ಆಕೆಯ ಕೈಗೆ ಬಂದರೆ ಮುಟ್ಟಿದ ತಕ್ಷಣ ಗೊತ್ತಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಅದರ ಬೆಲೆ ನಿಂತಿರುವುದೇ ಬಣ್ಣದ ಮೇಲೆ. ಖಾರ ಕಡಿಮೆ, ಬಣ್ಣ ಜಾಸ್ತಿ, ಅದಕ್ಕೇ ಬಣ್ಣ ತೆಗೆಯುವ ಕಾರ್ಖಾನೆಗಳು ಈ ಕಾಯಿಯನ್ನು ಹುಡುಕಿಕೊಂಡು ಬರುತ್ತವೆ. ಆ ಬಣ್ಣವನ್ನು ಕಣ್ಣಳತೆಯಲ್ಲೇ ಹೇಳಬಲ್ಲವರನ್ನು ನಾವು ಕಣದಲ್ಲೇ ಬಿಟ್ಟು ಬ್ಯಾಡಗಿಗೆ ಹೋಗುತ್ತೇವೆ. ನಾಯಕತ್ವಕ್ಕೆ ಬೇಕಾದ ತಿಳುವಳಿಕೆಯಲ್ಲಿ ಮುಕ್ಕಾಲು ಪಾಲು ಅವರಲ್ಲಿ ಆಗಲೇ ಇದೆ. ಉಳಿದದ್ದು ಪೇಟೆಯಲ್ಲಿ ನಿಂತು ಮಾತಾಡಿದರೆ ಮಾತ್ರ ಬರುತ್ತದೆ, ತರಬೇತಿ ಹಾಲಿನಲ್ಲಿ ಕೂತರೆ ಬರುವುದಿಲ್ಲ.

ಹಾಗಾಗಿ ಈ ಹಂಗಾಮಿಗೆ ಒಂದು ಠರಾವು ಮಾಡಿ. ಕಂಪನಿಯ ಮೆಣಸಿನಕಾಯಿ ಮಾರಾಟದ ಸಮಿತಿಯಲ್ಲಿ ಆ ಮೂವರು ನಿರ್ದೇಶಕಿಯರು, ಜೊತೆಗೆ ಬೇಕಾದರೆ ಇಬ್ಬರು ಅನುಭವಿ ಸದಸ್ಯೆಯರು ಇರಲಿ. ಲೆಕ್ಕ ಬರೆಯಲು ನೀವು ಇರಿ, ವೋಟಿಗೆ ಬೇಡ. ಯಾವ ಲಾಟು ಯಾವ ದರ್ಜೆ, ಯಾವ ಅಂಗಡಿಗೆ ಇಳಿಸಬೇಕು, ಬಂದ ಟೆಂಡರ್ ರೇಟಿಗೆ ಕೊಡಬೇಕೋ ತಡೆಯಬೇಕೋ, ಈ ತೀರ್ಮಾನ ಅವರದು. ಕೊನೆಯದು ನಿಜಕ್ಕೂ ಕಷ್ಟದ ತೀರ್ಮಾನ. ಬ್ಯಾಡಗಿ ಸುತ್ತ ಕೋಲ್ಡ್ ಸ್ಟೋರೇಜ್‌ಗಳಿಗೆ ಬರವಿಲ್ಲ, ಮಾಲು ಇಡಬಹುದು. ಆದರೆ ಇಟ್ಟರೆ ಬಾಡಿಗೆ, ಸಾಲದ ಬಡ್ಡಿ, ಹಮಾಲಿ. ಉದಾಹರಣೆಗೆ ಕ್ವಿಂಟಲ್‌ಗೆ 20,000 ರೂಪಾಯಿ ರೇಟು ಬಂತು, ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ ಅಂದುಕೊಳ್ಳಿ. ಮೂರು ತಿಂಗಳು ತಡೆದರೆ ಬಡ್ಡಿಯೇ 600 ರೂಪಾಯಿ. ಅದರ ಮೇಲೆ ಬಾಡಿಗೆ. ಅಂದರೆ ರೇಟು ಅಷ್ಟು ಏರಿದರೆ ಮಾತ್ರ ತಡೆದದ್ದಕ್ಕೆ ಅರ್ಥ. ಈ ಲೆಕ್ಕವನ್ನು ಅವರ ಎದುರಿಗೆ ಕೂತು ಒಂದು ಹಾಳೆಯಲ್ಲಿ ಮಾಡಿ, ಪೆನ್ನು ಅವರ ಕೈಯಲ್ಲಿರಲಿ. ಸ್ವಸಹಾಯ ಸಂಘದ ಬಡ್ಡಿ ಲೆಕ್ಕ ಬಾಯಲ್ಲೇ ಮಾಡುವವರಿಗೆ ಇದು ಹೊಸದೇನಲ್ಲ.

ರೇಟು ಬಿದ್ದರೆ? ಬೀಳಬಹುದು. ಗಂಡಸರು ತಡೆದು ಕೈ ಸುಟ್ಟುಕೊಂಡದ್ದನ್ನು ನಾವೆಲ್ಲ ನೋಡಿದ್ದೇವೆ, ಅದಕ್ಕೆ ಯಾರೂ ಗಂಡಸರಿಗೆ ವ್ಯಾಪಾರ ಬರಲ್ಲ ಅನ್ನಲಿಲ್ಲ. ಹೆಣ್ಣುಮಕ್ಕಳ ಒಂದು ತೀರ್ಮಾನ ತಪ್ಪಿದರೆ ಮಾತ್ರ ಇಡೀ ಊರು ಮಾತಾಡುತ್ತದೆ. ಆ ದಿನ ನೀವು ಅವರ ಪಕ್ಕ ನಿಲ್ಲಬೇಕು. ಲೆಕ್ಕದ ಹಾಳೆ ತೆಗೆದು ಬೋರ್ಡಿನ ಎದುರು ಇಡಿ, ಅಂದು ಇದ್ದ ಮಾಹಿತಿಗೆ ಇದು ಸರಿಯಾದ ತೀರ್ಮಾನವೇ ಆಗಿತ್ತು ಅಂತ ಹೇಳಿ, ಸಮಿತಿ ಮುಂದುವರಿಯಲಿ. ಇಷ್ಟು ಧೈರ್ಯ ನಿಮಗಿಲ್ಲ ಅಂದರೆ ಶುರು ಮಾಡಲೇಬೇಡಿ. ಕೊಟ್ಟ ಕೆಲಸ ಅರ್ಧಕ್ಕೆ ಕಸಿದುಕೊಂಡರೆ ಅವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ಇನ್ನು ಮನೆಯವರು ಸಭೆಗೆ ಬರುವ ವಿಷಯ. ಇಲ್ಲಿ ನಿಮಗೆ ಕಾನೂನಿನ ಬಲವಿದೆ. ನಿರ್ದೇಶಕರ ಸಭೆಗೆ ಬದಲಿ ವ್ಯಕ್ತಿಯನ್ನು ಕಳಿಸಲು ಅವಕಾಶವೇ ಇಲ್ಲ. ಉತ್ಪಾದಕ ಕಂಪನಿಯ ಬೋರ್ಡು ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, 7 ದಿನ ಮೊದಲು ನೋಟಿಸು ಹೋಗಬೇಕು, ಮೂರನೇ ಒಂದು ಭಾಗ ನಿರ್ದೇಶಕರು, ಕಡಿಮೆ ಅಂದರೂ ಮೂವರು ಹಾಜರಿರಬೇಕು. ಮನೆಯವರು ಬಂದು ಕೂತರೆ ಅದು ಹಾಜರಿ ಅಲ್ಲ. ಸಭೆಗೆ ಬಾರದವರ ಸಹಿ ಆಮೇಲೆ ಹಾಕಿಸಿದರೆ ಅದೂ ಹಾಜರಿ ಆಗುವುದಿಲ್ಲ. ಇದನ್ನು ಮನೆಯವರ ಮೇಲೆ ಆಪಾದನೆ ಮಾಡಿದಂತೆ ಹೇಳಬೇಡಿ. "ಆಡಿಟ್‌ನ್ಯಾಗ ಸಿಕ್ಕೊಂತೀವ್ರಿ ಅಣ್ಣಾರ, ಕಾನೂನು ಒಪ್ಪಂಗಿಲ್ಲ" ಅಂದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ, ಕೆಲಸವೂ ಆಗುತ್ತದೆ. ಮನೆಯವರಲ್ಲಿ ಹೆಚ್ಚಿನವರು ಕೆಟ್ಟವರೇನಲ್ಲ, ಹೀಗೇ ನಡೆದುಕೊಂಡು ಬಂದಿದೆ ಅಂತ ಬರುತ್ತಾರೆ. ಅವರನ್ನು ವರ್ಷದ ಸಾಮಾನ್ಯ ಸಭೆಗೆ ಕರೆದು ಗೌರವದಿಂದ ಕೂರಿಸಿ. ಅತ್ತೆಯರನ್ನೂ ಕರೆಯಿರಿ, ಮರೀಬೇಡಿ. ಸೊಸೆ ಬ್ಯಾಡಗಿಗೆ ಹೋದ ದಿನ ಎಮ್ಮೆ ಹಿಂಡುವವರು, ರೊಟ್ಟಿ ಬಡಿಯುವವರು ಅವರೇ ಅಲ್ವಾ?

ಸಭೆಯ ಸಮಯವನ್ನು ಯಾರು ಗೊತ್ತು ಮಾಡಿದ್ದು ಅಂತ ಒಮ್ಮೆ ನೋಡಿ. ಮುಂಜಾನೆ 11ಕ್ಕೆ ಅಂದರೆ ಆಕೆ ಹೊಲದಲ್ಲಿ, ಸಂಜೆ 7ಕ್ಕೆ ಅಂದರೆ ಒಲೆ ಮುಂದೆ. ಆ ಮೂವರನ್ನೇ ಕೇಳಿ. ಹೆಚ್ಚಿನ ಕಡೆ ಮಧ್ಯಾಹ್ನ ಊಟದ ಮೇಲಿನ ಎರಡು ತಾಸು ಅಂತಾರೆ. ನೋಟಿಸು ಯಾರ ಫೋನಿಗೆ ಹೋಗುತ್ತಿದೆ ಅದನ್ನೂ ನೋಡಿ. ನಿರ್ದೇಶಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಹೆಣ್ಣುಮಕ್ಕಳ ಹೆಸರಿನ ಮುಂದೆ ಇರುವುದು ಗಂಡನ ಅಥವಾ ಮಗನ ನಂಬರು. ಎಷ್ಟೋ ಕಂಪನಿಗಳಲ್ಲಿ ಇದನ್ನೇ ಕಂಡಿದ್ದೇನೆ. ಆಕೆಯ ಹತ್ತಿರ ಸಾದಾ ಫೋನೇ ಇದ್ದರೆ ನೀವೇ ಕರೆ ಮಾಡಿ ವಿಷಯ ಓದಿ ಹೇಳಿ. ಮತ್ತೆ ಕೂರುವ ಜಾಗ. ಗಂಡಸರಿಗೆ ಕುರ್ಚಿ, ಹೆಣ್ಣುಮಕ್ಕಳಿಗೆ ಬಾಗಿಲ ಹತ್ತಿರ ಜಮಖಾನೆ ಇದ್ದರೆ ಆ ಸಭೆಯಲ್ಲಿ ಅವರು ಬಾಯಿ ಬಿಡುವುದಿಲ್ಲ. ಎಲ್ಲರಿಗೂ ಕುರ್ಚಿ, ಇಲ್ಲವೇ ಎಲ್ಲರೂ ಜಮಖಾನೆ. ಮೊದಲ ವಿಷಯವೇ ಮಾರಾಟ ಸಮಿತಿಯ ವರದಿ ಆಗಿರಲಿ, ಆಗ ಸಭೆಯಲ್ಲಿ ಮೊದಲು ಕೇಳುವುದು ಅವರ ದನಿ. ಮೊದಲ ಸಲ ಎರಡು ಮಾತಿನಲ್ಲಿ ಮುಗಿಸುತ್ತಾರೆ. ಪರವಾಗಿಲ್ಲ. ಪಕ್ಕದವರು ಅವರ ಬದಲು ಹೇಳಲು ಬಂದರೆ ತಡೆಯುವುದು ಮಾತ್ರ ನಿಮ್ಮ ಕೆಲಸ.

ಒಂದು ಸೂಕ್ಷ್ಮ ವಿಷಯವಿದೆ, ನೇರವಾಗಿ ಕೇಳುತ್ತೇನೆ. ಆ ಮೂವರ ಡಿಜಿಟಲ್ ಸಹಿಯ ಟೋಕನ್ (ಕಂಪ್ಯೂಟರಿಗೆ ಸಿಕ್ಕಿಸಿ ಕಾಗದಪತ್ರಕ್ಕೆ ಸಹಿ ಹಾಕುವ ಸಣ್ಣ ಸಾಧನ) ಈಗ ಯಾರ ಹತ್ತಿರ ಇದೆ? ನಿಮ್ಮ ಕಪಾಟಿನಲ್ಲೋ, ಲೆಕ್ಕಪತ್ರ ನೋಡುವವರ ಡ್ರಾಯರ್‌ನಲ್ಲೋ ಇರಬೇಕು, ಪಾಸ್‌ವರ್ಡ್ ಸಮೇತ. ಕೆಲಸ ಬೇಗ ಆಗಲಿ ಅಂತ ಎಲ್ಲರೂ ಹೀಗೆ ಮಾಡುತ್ತಾರೆ. ಆದರೆ ನಿರ್ದೇಶಕಿ ಅಂದರೆ ಕಾನೂನಿನ ಎದುರು ಜವಾಬ್ದಾರಿ ಹೊತ್ತವಳು. ನಾಳೆ ಲೆಕ್ಕದಲ್ಲಿ ಏನಾದರೂ ಆದರೆ ನೋಟಿಸು ಬರುವುದು ಆಕೆಯ ಹೆಸರಿಗೆ, ಆಕೆಯ ಮನೆಗೆ. ಟೋಕನ್ ಅವರವರ ಕೈಗೆ ಕೊಡಿ. ಯಾವ ಕಾಗದಕ್ಕೆ ಬಳಸುತ್ತೀರಿ ಅಂತ ಓದಿ ಹೇಳಿ, ಒಟಿಪಿ ಅವರ ಫೋನಿಗೇ ಹೋಗಲಿ. ಕೆಲಸ ಎರಡು ದಿನ ತಡವಾಗುತ್ತದೆ, ಆಗಲಿ. ಬ್ಯಾಂಕ್ ಖಾತೆಯ ಜಂಟಿ ಸಹಿಯಲ್ಲಿ ಒಬ್ಬ ನಿರ್ದೇಶಕಿ ಇರಲಿ, ಖಾಲಿ ಚೆಕ್ಕಿಗೆ ಯಾವ ಕಾರಣಕ್ಕೂ ಸಹಿ ಮಾಡಬಾರದು ಅಂತ ಆಕೆಗೆ ನೀವೇ ಹೇಳಿ. ಹೀಗೆ ಹೇಳಿದರೆ ಒಂದು ದಿನ ಆಕೆ ನಿಮ್ಮ ಚೆಕ್ಕಿಗೇ ಪ್ರಶ್ನೆ ಕೇಳುತ್ತಾಳೆ. ಅದನ್ನೇ ಅಲ್ವಾ ನೀವು ಬಯಸಿದ್ದು? ನನ್ನ ಪ್ರಕಾರ ಉಪಾಧ್ಯಕ್ಷೆ ಅನ್ನುವ ಪದವಿಗಿಂತ ಚೆಕ್ಕಿನ ಈ ಸಹಿ ದೊಡ್ಡದು. ಎಷ್ಟೋ ಕಡೆ ಹೆಣ್ಣುಮಕ್ಕಳನ್ನು ಉಪಾಧ್ಯಕ್ಷೆ ಮಾಡಿ ವೇದಿಕೆ ಮೇಲೆ ಕೂರಿಸಿ, ಹಾರ ಹಾಕಿ, ಅಲ್ಲಿಗೇ ಮರೆತುಬಿಡುತ್ತಾರೆ.

ಕಾಗದದ ಮಾತು ಬಂದದ್ದಕ್ಕೆ ಪಟ್ಟಿಯ ಮಾತನ್ನೂ ಹೇಳಿಬಿಡುತ್ತೇನೆ. ಷೇರು ಆಕೆಯ ಹೆಸರಿನಲ್ಲಿದೆ, ಮಾಲು ಬರುವುದು ಗಂಡನ ಹೆಸರಿನಲ್ಲಿ, ದುಡ್ಡು ಹೋಗುವುದು ಗಂಡನ ಖಾತೆಗೆ. ನಿಮ್ಮ ಪುಸ್ತಕದಲ್ಲಿ ಆಕೆಯ ವ್ಯವಹಾರ ಸೊನ್ನೆ. ಉತ್ಪಾದಕ ಕಂಪನಿಗಳು ತಮ್ಮ ನಿಯಮಾವಳಿಯಲ್ಲಿ ವೋಟಿನ ಹಕ್ಕನ್ನು ಸಕ್ರಿಯ ಸದಸ್ಯರಿಗೆ, ಅಂದರೆ ಕಂಪನಿಯ ಜೊತೆ ವ್ಯವಹಾರ ಮಾಡುವವರಿಗೆ, ಮಾತ್ರ ಅಂತ ಇಟ್ಟುಕೊಳ್ಳಬಹುದು. ನಿಮ್ಮಲ್ಲೂ ಹಾಗಿದ್ದರೆ ಹೊಲದಲ್ಲಿ ದಿನವಿಡೀ ದುಡಿದವಳೇ ಸಕ್ರಿಯಳಲ್ಲ ಅಂತಾಗಿ ವೋಟು ಕಳೆದುಕೊಳ್ಳುತ್ತಾಳೆ. ನಿಮ್ಮ ನಿಯಮಾವಳಿಯನ್ನು ಇವತ್ತೇ ತೆಗೆದು ನೋಡಿ. ಒಂದು ಮನೆಯಿಂದ ಬರುವ ಮಾಲಿನಲ್ಲಿ ಒಂದು ಪಾಲನ್ನಾದರೂ ಆಕೆಯ ಹೆಸರಿನಲ್ಲಿ ತೂಕ ಮಾಡಿಸಿ, ಆಕೆಯ ಖಾತೆಗೆ ಹಾಕುವ ರೂಢಿ ಶುರು ಮಾಡಿ. ಮನೆಗಳಲ್ಲಿ ಜಗಳ ಆಗದಂತೆ ಮೆಲ್ಲಗೆ ಮಾಡಿ, ಮೊದಲ ವರ್ಷ ಯಾರು ಒಪ್ಪುತ್ತಾರೋ ಅವರು.

ಉತಾರದಲ್ಲಿ (ಹೊಲದ ಪಹಣಿಯಲ್ಲಿ) ಹೆಸರಿಲ್ಲ, ಸದಸ್ಯತ್ವ ಹೇಗೆ ಕೊಡೋದು ಅಂತ ಕೆಲವರು ಕೇಳುತ್ತಾರೆ. ಕಾನೂನು ಉತ್ಪಾದಕ ಅಂತ ಕರೆಯುವುದು ಬೆಳೆ, ಹೈನು, ಕುರಿ ಕೋಳಿ, ಜೇನು, ಹೂವು ಹೀಗೆ ಪ್ರಾಥಮಿಕ ಉತ್ಪನ್ನದ ಕೆಲಸದಲ್ಲಿರುವ ಯಾರನ್ನೇ ಆದರೂ. ಭೂಮಿ ಸ್ವಂತದ್ದೇ ಇರಬೇಕು ಅಂತ ಅದರಲ್ಲಿಲ್ಲ. ಹೊಲದ ಹಕ್ಕಿನ ಮಾತು ಬೇರೆ, ಅದೂ ದೊಡ್ಡದೇ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ತಂದಿತು, ಕೇಂದ್ರ ತಂದದ್ದು 2005ರಲ್ಲಿ. ಆದರೂ ಅಣ್ಣತಮ್ಮಂದಿರ ಜೊತೆ ಸಂಬಂಧ ಕೆಡುತ್ತದೆ ಅಂತ ತವರಿನ ಪಾಲು ಬಿಟ್ಟುಕೊಟ್ಟು ಸಹಿ ಮಾಡಿದವರು ನಮ್ಮೂರುಗಳಲ್ಲಿ ಮನೆಮನೆಗೂ ಇದ್ದಾರೆ. ಅದನ್ನು ನಿಮ್ಮ ಕಂಪನಿ ಒಂದೇ ಬಗೆಹರಿಸಲಾರದು. ಪಟ್ಟಿಯನ್ನು ಬಗೆಹರಿಸಬಹುದು, ನಾಳೆಯಿಂದಲೇ.

ಈಗ ಆ ಮೂವರನ್ನು ಬಿಟ್ಟು ಸ್ವಲ್ಪ ಹೊರಗೆ ನೋಡೋಣ. ನಿಮ್ಮ ಊರುಗಳಲ್ಲಿ ಕೂಲಿ ಗುಂಪುಗಳಿವೆ. ಪ್ರತಿ ಗುಂಪಿಗೂ ಒಬ್ಬಳು ಮುಂದಾಳು ಇರುತ್ತಾಳೆ. ನಾಳೆ ಯಾರ ಹೊಲಕ್ಕೆ ಮೊದಲು ಹೋಗುವುದು, ಎಷ್ಟು ಆಳು, ಪಗಾರ ಎಷ್ಟು, ಟಂಟಂ ಬಾಡಿಗೆ ಯಾರು ಕೊಡಬೇಕು, ಎಲ್ಲ ಆಕೆಯೇ ಫೋನಿನಲ್ಲಿ ಮಾತಾಡಿ ಮುಗಿಸುತ್ತಾಳೆ. ಹಾಜರಿ ತಲೆಯಲ್ಲೇ ಇರುತ್ತದೆ, ಬಟವಾಡೆ ದಿನ ಒಂದು ರೂಪಾಯಿ ಆಚೀಚೆ ಆಗುವುದಿಲ್ಲ. ಇಬ್ಬರು ಜಗಳ ಆಡಿದರೆ ಒಬ್ಬಳನ್ನು ಈ ಸಾಲಿಗೆ, ಇನ್ನೊಬ್ಬಳನ್ನು ಆ ಸಾಲಿಗೆ ಹಾಕಿ ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತಾಳೆ. ಸುಗ್ಗಿಯಲ್ಲಿ ದೊಡ್ಡ ಹಿಡುವಳಿಯ ಗೌಡರೂ ಆಕೆಯ ಮನೆ ಬಾಗಿಲಿಗೆ ಬಂದು "ನಾಳೆ ನಮ್ಮ ಪಾಳಿ ಹಚ್ಚವ್ವಾ" ಅಂತ ಕೇಳುವುದುಂಟು. ಇದಕ್ಕಿಂತ ದೊಡ್ಡ ಮ್ಯಾನೇಜರ್ ಕೆಲಸ ನಿಮ್ಮ ಕಂಪನಿಯಲ್ಲಿ ಯಾವುದಿದೆ ಹೇಳಿ. ಆದರೆ ಆಕೆ ನಿಮ್ಮ ಸದಸ್ಯೆಯೇ ಅಲ್ಲ, ಯಾಕೆಂದರೆ ಹೊಲವಿಲ್ಲ. ಬೋರ್ಡಿನಲ್ಲಿರುವ ಮೂವರೂ ಬಹುಶಃ ಉಳ್ಳವರ ಮನೆಯವರು, ಹೆಸರು ಕೊಡುವಾಗ ಮನೆತನ ನೋಡಿಯೇ ಕೊಟ್ಟಿರುತ್ತಾರೆ. ಮುಂದಾಳಿನ ಮನೆಯಲ್ಲಿ ಒಂದು ಎಮ್ಮೆಯೋ ನಾಲ್ಕು ಆಡೋ ಇದ್ದೇ ಇರುತ್ತವೆ, ಆಕೆಯೂ ಉತ್ಪಾದಕಳೇ. ನಿಮ್ಮ ನಿಯಮಾವಳಿಯಲ್ಲಿ ಹೈನು ಮತ್ತು ಜಾನುವಾರು ಸೇರಿಲ್ಲದಿದ್ದರೆ ಸೇರಿಸಿ, ಷೇರಿನ ಹಣವನ್ನು ಕಂತಿನಲ್ಲಿ ತೆಗೆದುಕೊಳ್ಳಿ, ಅಂಥವರನ್ನು ಒಳಗೆ ತನ್ನಿ. ನಾಯಕಿಯರನ್ನು ಹುಡುಕುವ ಕೆಲಸದಲ್ಲಿ ನಾವು ನೋಡದೇ ಬಿಟ್ಟ ಜಾಗ ಇದು. ನಿಮ್ಮಿಂದ ನನಗಿರುವ ದೊಡ್ಡ ಬೇಡಿಕೆಯೂ ಇದೇ.

ಜಾತಿಯ ಮಾತನ್ನು ಮುಚ್ಚಿಡಬೇಡಿ. ಆಕೆ ಬೋರ್ಡಿಗೆ ಬಂದ ದಿನ ಗಂಡಸರಿಗಿಂತ ಮೊದಲು ಉಳಿದ ಹೆಣ್ಣುಮಕ್ಕಳೇ ಮುಖ ತಿರುಗಿಸಬಹುದು. ಚಹಾದ ಲೋಟದಿಂದ ಹಿಡಿದು ಕೂರುವ ಕುರ್ಚಿಯವರೆಗೆ ಏನೇನು ಆಗುತ್ತಿದೆ ಅಂತ ಕಣ್ಣಿಟ್ಟು ನೋಡಿ, ಆಗಬಾರದ್ದು ಆದರೆ ಅಲ್ಲೇ ಮಾತಾಡಿ.

ಸಭೆಗೆ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ, ಅದನ್ನೂ ಲೆಕ್ಕಕ್ಕೆ ತನ್ನಿ. ನಿಯಮಾವಳಿಯಲ್ಲಿ ಅವಕಾಶ ಮಾಡಿಕೊಂಡು ಸಭಾ ಭತ್ಯೆ ಕೊಡಿ, ಅವರ ಖಾತೆಗೇ ಹಾಕಿ. ಬಸ್ಸಿನ ಖರ್ಚಿನ ತಲೆನೋವಂತೂ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಇಲ್ಲ. ಶಿಗ್ಗಾವಿಯಿಂದ ಬ್ಯಾಡಗಿಗೋ ಹುಬ್ಬಳ್ಳಿಗೋ ಹೋಗಲು ಮನೆಯಲ್ಲಿ ದುಡ್ಡು ಕೇಳಬೇಕಿಲ್ಲ ಅನ್ನೋದೇ ಎಷ್ಟೋ ಹೆಣ್ಣುಮಕ್ಕಳಿಗೆ ದೊಡ್ಡ ಬದಲಾವಣೆ.

ಇದೆಲ್ಲ ನಡೆಯುವ ಮಾತೇ ಅಂತ ಬೋರ್ಡಿನವರು ಕೇಳಿದರೆ ಎಲ್ಲರನ್ನೂ, ಗಂಡಸರನ್ನೂ ಸೇರಿಸಿ, ಕುಂದಗೋಳ ತಾಲೂಕಿನ ತೀರ್ಥ ಗ್ರಾಮಕ್ಕೆ ಕರೆದುಕೊಂಡು ಹೋಗಿ. ನಿಮಗೆ ದೂರವೇನಲ್ಲ. ಅಲ್ಲಿನ ಬೀಬಿ ಫಾತಿಮಾ ಸ್ವಸಹಾಯ ಸಂಘ 2018ರಲ್ಲಿ 15 ಹೆಣ್ಣುಮಕ್ಕಳಿಂದ ಶುರುವಾಯಿತು. ಸಿರಿಧಾನ್ಯದ ಬೀಜ ಬ್ಯಾಂಕ್ ಕಟ್ಟಿದರು, ಸೋಲಾರ್‌ನಲ್ಲಿ ನಡೆಯುವ ಸಂಸ್ಕರಣಾ ಘಟಕ ಹಾಕಿದರು, ಸುತ್ತಲಿನ ರೈತರ ಧಾನ್ಯ ಹಸನು ಮಾಡಿ ಮಾರಾಟಕ್ಕೆ ಇಳಿದರು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂತು. ಪ್ರಶಸ್ತಿಯ ಫೋಟೋ ನೋಡಿ ಬರಬೇಡಿ. ಬೀಜ ಕೊಟ್ಟ ಲೆಕ್ಕ ಹೇಗೆ ಇಡುತ್ತಾರೆ, ರೇಟು ಯಾರು ಹೇಳುತ್ತಾರೆ, ಯಂತ್ರ ಕೆಟ್ಟರೆ ಯಾರು ಫೋನ್ ಮಾಡುತ್ತಾರೆ, ಇದನ್ನು ಕೇಳಿ ಬನ್ನಿ. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ ಸೀಮೆ ನಮ್ಮದು, ಒಟ್ಟಿಗೆ ಸೇರಿ ವ್ಯವಹಾರ ಮಾಡುವುದನ್ನು ನಮಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಿಲ್ಲ.

ತರಬೇತಿ ಬೇಡವೇ ಬೇಡ ಅಂತಲ್ಲ. ಒಂದು ಹಂಗಾಮು ಮಾರಾಟ ಮಾಡಿದ ಮೇಲೆ ಅವರೇ ಕೇಳುತ್ತಾರೆ, ತೇವಾಂಶ ಅಳೆಯುವ ಮೀಟರ್ ಹೇಗೆ ಹಿಡಿಯೋದು, ಜಿಎಸ್‌ಟಿ ಬಿಲ್ಲಿನಲ್ಲಿ ಏನಿದೆ, ಲಾಭ-ನಷ್ಟದ ಪಟ್ಟಿ ಹೇಗೆ ಓದೋದು ಅಂತ. ಆಗ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ, ಹುಲಕೋಟಿಯ ಕೇಂದ್ರಕ್ಕೋ, ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೋ ಕರೆದುಕೊಂಡು ಹೋಗಿ. ತಮ್ಮದೇ ಪ್ರಶ್ನೆ ಇಟ್ಟುಕೊಂಡು ಹೋದವರು ಕಲಿಯುವುದೇ ಬೇರೆ ರೀತಿ.

ಕೊನೆಗೆ ಅಧ್ಯಕ್ಷ ಸ್ಥಾನ. ಅವಸರ ಮಾಡಬೇಡಿ, ಆದರೆ ತಪ್ಪಿಸಲೂ ಬೇಡಿ. ಒಂದು ಹಂಗಾಮಿನ ಮಾರಾಟ, ಒಂದು ವರ್ಷದ ಚೆಕ್ಕು, ನಾಲ್ಕು ಬೋರ್ಡ್ ಸಭೆ ಆದ ಮೇಲೆ ಮೂವರಲ್ಲಿ ಒಬ್ಬರಾದರೂ ತಾವಾಗಿಯೇ ಮುಂದೆ ಬಂದಿರುತ್ತಾರೆ. ಅದು ನೀವು ಅಂದುಕೊಂಡವರೇ ಆಗಿರಬೇಕಿಲ್ಲ. ಜಾಸ್ತಿ ಮಾತಾಡುವವರನ್ನೇ ನಾಯಕಿ ಅಂದುಕೊಳ್ಳಬೇಡಿ, ದಲಾಲಿ ಅಂಗಡಿಯಲ್ಲಿ ರೇಟು ಕೇಳಿ ಸುಮ್ಮನೆ ಎದ್ದು ಬರುವ ಗಟ್ಟಿತನ ಯಾರಿಗಿದೆ ನೋಡಿ. ಪಂಚಾಯಿತಿಯಲ್ಲಿ 1987ರಲ್ಲಿ ನೂರಕ್ಕೆ 25 ಸ್ಥಾನ ಮೀಸಲಿಟ್ಟು ಚುನಾವಣೆ ನಡೆಸಿದ ರಾಜ್ಯ ನಮ್ಮದು, ಈಗ ಅದು 50. ಅಲ್ಲಿ ತೊಂದರೆ ಏನೆಂದರೆ ಕೆಲಸ ಕಲಿಯುವ ಹೊತ್ತಿಗೆ ಮೀಸಲು ಸರದಿ ಬದಲಾಗಿ ಆಕೆ ಹೊರಗೆ. ನಿಮ್ಮಲ್ಲಿ ಆ ಕಟ್ಟುಪಾಡಿಲ್ಲ. ನಿರ್ದೇಶಕರ ಅವಧಿ ಐದು ವರ್ಷದವರೆಗೂ ಇರಬಹುದು, ಕಲಿತವರನ್ನು ಉಳಿಸಿಕೊಳ್ಳಿ. ಮೂವರು ಇರುವ ಜಾಗದಲ್ಲಿ ನಾಲ್ವರು, ಐವರು ಆಗುವಂತೆ ನೋಡಿಕೊಳ್ಳಿ, ಒಬ್ಬಳೇ ಅಧ್ಯಕ್ಷೆ ಆಗಿ ಒಂಟಿಯಾಗಿ ಕೂರಬಾರದು.

ಆಯ್ಕೆಯ ದಿನ ಕೈ ಎತ್ತಿಸಬೇಡಿ. ಹೆಸರುಗಳನ್ನು ಒಂದು ತಿಂಗಳು ಮೊದಲೇ ಕೇಳಿ. ಅಂದು ಪ್ರತಿ ನಿರ್ದೇಶಕರಿಗೂ ಒಂದು ಚೀಟಿ ಕೊಟ್ಟು ಬರೆಸಿ, ಡಬ್ಬಿಯಲ್ಲಿ ಹಾಕಿಸಿ, ಎಲ್ಲರ ಎದುರಿಗೆ ಎಣಿಸಿ. ಬರೆಯಲು ಬಾರದವರಿಗೆ ಹೆಸರಿನ ಮುಂದೆ ಗುರುತು ಹಾಕುವ ಚೀಟಿ ಮಾಡಿಸಿ. ಅಲ್ಲಿಯವರೆಗೆ ಈ ವಾರದ ಕೆಲಸ ಎರಡೇ: ನಿಯಮಾವಳಿ ತೆಗೆದು ಸಕ್ರಿಯ ಸದಸ್ಯರ ಬಗ್ಗೆ ಏನಿದೆ ಓದಿ, ಟೋಕನ್‌ಗಳನ್ನು ಅವರವರ ಮನೆಗೆ ಒಯ್ದು ಅವರ ಕೈಗೇ ಕೊಡಿ.